ಗುಣಿಯ ತಳದ ಕೆಂಪು

ನಮ್ಮೂರಿನಲ್ಲಿ ಸತ್ತವರು ಯಾರಿಗೆ ಸೇರಿದವರು ಎಂಬುದನ್ನು ಅವರ ಕರುಳೇ ಹೇಳಬೇಕು. ಹೆತ್ತವರು, ಕಟ್ಟಿಕೊಂಡವರು, ಬೆನ್ನಿಗೆ ಬಿದ್ದವರು ಎಲ್ಲರೂ ಅಂಗಳದ ಬೇವಿನ ಮರದಡಿ ಕಾಯುತ್ತ ಕೂತಿರುತ್ತಾರೆ. ಒಳಗೆ, ಗಾಜಿನ ಮನೆಯಲ್ಲಿ, ನಾನು ನಾಲ್ಕು ಬೆರಳುದ್ದದ ತುಂಡೊಂದನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಕುಯ್ದು, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಪಟ್ಟಿಗೆ ಎತ್ತಿಕೊಂಡು, ನೀಲಿ ಗುಲಾಬಿ ಬಣ್ಣ ಕುಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇನೆ. ಹಸಿದಿದ್ದಾಗ ಯಾರ ಕೈಯಿಂದ ಉಂಡಿದ್ದರೋ ಅವರ ಕೆಂಪು ಅಲ್ಲಿ ಕಾಳು ಕಾಳಾಗಿ ಕೂತಿರುತ್ತದೆ. ಯಾರ ಕೆಂಪು ಹೆಚ್ಚೋ ಹೆಣ ಅವರದು, ಮಣ್ಣು ಅವರದು, ಮೊದಲು ಅಳುವ ಹಕ್ಕೂ ಅವರದೇ.

ನೋಡದವರಿಗೆ ಹೇಳುವುದು ಕಷ್ಟ. ಕರುಳಿನ ಒಳಮೈ ಬರಿಗಣ್ಣಿಗೆ ಒದ್ದೆ ಮಖಮಲ್ಲಿನ ಹಾಗೆ ಕಾಣುತ್ತದೆ. ಕಣ್ಣನ್ನು ಮಸೂರಕ್ಕೆ ಕೊಟ್ಟರೆ ಅದು ಎತ್ತಿ ಹಿಡಿದ ಸಾವಿರ ಬೆರಳುಗಳ ಗುಂಪು. ಬೆರಳುಗಳ ಬುಡದ ಸಂದುಗಳಲ್ಲಿ ಕಿರಿದಾದ ಗುಣಿಗಳು, ಸೇದುವ ಬಾವಿಗಳಂತೆ ನೆಟ್ಟಗೆ ಕೆಳಗಿಳಿದಿರುತ್ತವೆ. ಗುಣಿಯ ಗೋಡೆಗೆ ಜೀವಕೋಶಗಳು ಭುಜಕ್ಕೆ ಭುಜ ಕೊಟ್ಟು ನಿಂತಿರುತ್ತವೆ. ನಡುನಡುವೆ ಗಡಿಗೆಯಾಕಾರದವು, ಹೊಟ್ಟೆ ತುಂಬ ಲೋಳೆ ಹೊತ್ತವು. ತೀರಾ ತಳದಲ್ಲಿ ತೆಳ್ಳಗಿನ ತಾಯಿಕೋಶಗಳು. ಅವು ಹೆತ್ತದ್ದು ಹತ್ತತೊಡಗುತ್ತದೆ, ಗುಣಿ ದಾಟಿ, ಬೆರಳು ಏರಿ, ಐದು ದಿನಕ್ಕೆ ತುದಿ ಮುಟ್ಟಿ ಉದುರಿ ಹೋಗುತ್ತದೆ. ಮೇಲಿದ್ದದ್ದು ಯಾವುದೂ ಐದು ದಿನಕ್ಕಿಂತ ಹಳೆಯದಲ್ಲ. ತಾಯಿಗಳ ಮಗ್ಗುಲಲ್ಲಿ ಕೂತ ಕಾವಲು ಕೋಶಗಳು ಮಾತ್ರ ಮೇಲೇರುವುದಿಲ್ಲ. ಕೆಂಪು ಕಾಳುಗಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಇರುತ್ತವೆ, ಮುದಿಯಾದಾಗ ಕಾಳನ್ನು ಪಕ್ಕದವಳ ಮಡಿಲಿಗೆ ದಾಟಿಸಿ ಹೋಗುತ್ತವೆ. ಗಾಜಿನ ಮನೆಯ ಡಾಕ್ಟರ್ ಫಿಲೋಮಿನಾ ಇದನ್ನೆಲ್ಲ ನನಗೆ ಮೊದಲ ದಿನ ತೋರಿಸಿದಾಗ ನನಗೆ ಅನ್ನಿಸಿದ್ದು ಒಂದೇ: ಇದು ನಮ್ಮ ಕೇರಿ. ಹತ್ತಿದವರು ಹೋದರು, ಕಾದವರು ಉಳಿದರು.

ಒಬ್ಬೊಬ್ಬರ ಕೈಯ ಕೆಂಪು ಒಂದೊಂದು ಬಗೆ. ಅದಕ್ಕೇ ನಮ್ಮಲ್ಲಿ ಯಾರಾದರೂ ಸ್ವಂತ ಒಲೆ ಹೂಡಿದ ಕೂಡಲೇ ಒಂದು ಕೋಳಿಯನ್ನು ಐದು ದಿನ ಕಟ್ಟಿಹಾಕಿ ತಮ್ಮ ಕೈಯಾರೆ ತಿನ್ನಿಸಿ ಗಾಜಿನ ಮನೆಗೆ ತಂದೊಪ್ಪಿಸಬೇಕು. ಅದರ ಕರುಳಿನ ಪಟ್ಟಿ ಹೆಸರು ಬರೆಸಿಕೊಂಡು ಕಪಾಟು ಸೇರುತ್ತದೆ. ಕೋಳಿಯ ಉಳಿದ ಭಾಗ ಎಲ್ಲಿಗೆ ಸೇರುತ್ತದೆ ಎಂದು ಕೇಳಬಾರದು. ಗಾಜಿನ ಮನೆಯ ಜವಾನರು ಯಾವತ್ತೂ ಬಡವಾದವರಲ್ಲ. ಕಟ್ಟಿದ ಹಗ್ಗ ಕಿತ್ತುಕೊಂಡು ಪಕ್ಕದ ಮನೆಯ ತಿಪ್ಪೆ ಕೆದಕಿದ ಕೋಳಿಗಳಿಂದ ಹುಟ್ಟಿದ ಜಗಳಗಳು ಮೂರು ತಲೆಮಾರಿನಿಂದ ನಡೆದಿವೆ.

ಕಪಾಟಿನಲ್ಲಿ ಮೇಲ್ಬೀದಿಯವರ ಕೋಳಿ ಒಂದೂ ಇಲ್ಲ. ಅವರ ಗುಣಿಗಳೇ ಖಾಲಿ. ಹಸಿವಾಗುವ ಮೊದಲೇ ಎಲೆ ಹಾಕುವ ಮನೆಗಳಲ್ಲಿ ಕಾಳು ಕೂರುವುದು ಹೇಗೆ? ಆದರೆ ಅವರು ಬರಿದನ್ನೇ ಬಿರುದು ಮಾಡಿಕೊಂಡರು. ‘ಚೊಕ್ಕ ಕರುಳು’ ಎಂದು ಹೆಸರಿಟ್ಟರು. ಯಾರ ಕೈಯದೂ ಅಂಟದ ಕರುಳು, ಯಾರ ಎಂಜಲೂ ತಾಕದ ಕರುಳು ಎಂದು ಹೆಣ್ಣು ಕೊಡುವಾಗ ತರುವಾಗ ಹೇಳಿಕೊಳ್ಳತೊಡಗಿದರು. ಯಾರೂ ಅನ್ನ ಇಕ್ಕದೆ ಉಳಿದದ್ದನ್ನು ಹೆಮ್ಮೆ ಎಂದು ತಿಳಿದ ಜನ ಜಗತ್ತಿನಲ್ಲಿ ಬೇರೆಲ್ಲಾದರೂ ಇದ್ದರೆ ನನಗೆ ತಿಳಿಸಿ.

ಶೇಷಾಚಲ ಮೇಷ್ಟ್ರು ಆ ಬೀದಿಯವರು. ಚಿಕ್ಕಂದಿನಲ್ಲಿ ಅವರ ನಾಲಿಗೆ ತೊದಲುತ್ತಿತ್ತಂತೆ. ಉಪವಾಸ ಹಾಕಿದರೆ ನಾಲಿಗೆ ಸಡಿಲವಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಅಪ್ಪ ಎಂಟು ವರ್ಷದ ಮಗನಿಗೆ ವಾರಕ್ಕೆ ಮೂರು ದಿನ ಅನ್ನ ತಪ್ಪಿಸಿದರು. ಆ ಮಗು ಹಸಿವು ತಾಳದೆ ಹಿತ್ತಿಲ ಬೇಲಿ ನುಸುಳಿ, ವಾಸನೆಯ ಜಾಡು ಹಿಡಿದು, ಬೋಟಿ ತೊಳೆಯುವ ತೊಟ್ಟಿಗೆ ಬಂತು. ಅಲ್ಲಿ ನಮ್ಮ ದೊಡ್ಡವ್ವ ನಿಂಗಾಜವ್ವ, ಆಗಿನ್ನೂ ಇಪ್ಪತ್ತರ ಹೆಂಗಸು, ಕುರಿಯ ಕರುಳು ಜಗ್ಗಿ ತೊಳೆಯುತ್ತಿದ್ದಳು. ಅವಳು ಹೆಸರು ಕೇಳಿದಳು. ಮಗುವಿಗೆ ‘ಶೇ’ ಎಂಬಲ್ಲಿಂದ ಮುಂದೆ ಹೋಗಲಾಗಲಿಲ್ಲ. “ಆಯ್ತು ಬುಡು, ಉಂಡ್ಮ್ಯಾಕೆ ಯೋಳೀವಂತೆ,” ಎಂದು ರಾಗಿಮುದ್ದೆ ಮುರಿದು ಬೋಟಿಸಾರಿಗೆ ಅದ್ದಿ ಬಾಯಿಗಿಟ್ಟಳು. ಉಂಡ ಮೇಲೂ ಅವರು ಹೆಸರು ಹೇಳಲಿಲ್ಲ. ಮಾರನೆಯ ಉಪವಾಸದ ದಿನ ಬಂದರು. ಐವತ್ತನಾಲ್ಕು ವರ್ಷ ಬಂದರು.

ಅವರ ತೊದಲು ಹೋಗಲೇ ಇಲ್ಲ. ಆದರೆ ಪುಸ್ತಕ ಹಿಡಿದು ಗಟ್ಟಿಯಾಗಿ ಓದುವಾಗ ಮಾತ್ರ ಒಂದು ಅಕ್ಷರವೂ ಎಡವುತ್ತಿರಲಿಲ್ಲ. ತೊಟ್ಟಿಯ ಕಟ್ಟೆಯ ಮೇಲೆ ಕೂತು ಅವರು ಓದುವರು, ಬೋಟಿ ಕೆರೆಯುತ್ತ ಹೆಂಗಸರು ಕೇಳುವರು, ನಡುವೆ ಬಾಯಿ ಹಾಕುವರು. ಹಾಗೆ ಕೇಳುತ್ತ ಕೇಳುತ್ತ ನಾನು ಓದಲು ಕಲಿತೆ, ಗಾಜಿನ ಮನೆಯ ಕೆಲಸ ಹಿಡಿದೆ. ಕೆಲಸ ಹಿಡಿದ ಮೇಲೆ ನಾನೊಂದು ಸಣ್ಣತನ ಮಾಡಿದೆ: ಒಳಗೆ ಏನು ನೋಡುತ್ತೇವೆ, ಹೇಗೆ ನೋಡುತ್ತೇವೆ ಎಂದು ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಲಿಲ್ಲ. ಡಾಕ್ಟರಮ್ಮನ ಮುಂದೆ ನನ್ನ ಕೈಯಿಂದ ಬೋಟಿಯ ವಾಸನೆ ಬಂದೀತೆಂದು ಸೋಪು ಹಾಕಿ ಉಜ್ಜಿಕೊಳ್ಳುತ್ತಿದ್ದವಳು ನಾನು. ದೊಡ್ಡವ್ವನಿಗೆ ಗೊತ್ತಿದ್ದದ್ದು ಇಷ್ಟು: ಕರುಳು ಕೊಟ್ಟರೆ ತಂಗಿಯ ಮಗಳು ದೇವೀರಿ ಅದರಲ್ಲಿ ಕೆಂಪು ಹುಡುಕುತ್ತಾಳೆ.

ಮೇಷ್ಟ್ರು ಆಸ್ಪತ್ರೆಯಲ್ಲಿ ಹೊಟ್ಟೆಯ ರಕ್ತ ಹೋಗಿ ಹೋಗಿ ತೀರಿಕೊಂಡರು. ಅವರ ತಮ್ಮ ಸೀತಾಪತಿಯವರು ಗಾಡಿ ತಂದು ನಿಲ್ಲಿಸಿದ್ದರು. ಬೇರೆ ಯಾರೂ ಕೇಳದಿದ್ದರೆ ಗಾಜಿನ ಮನೆಯ ಮಾತಿಲ್ಲ, ಹೆಣ ನೇರ ಮನೆಗೆ. ದೊಡ್ಡವ್ವ ಕೋಲೂರಿಕೊಂಡು ಗಾಡಿಗೆ ಅಡ್ಡ ನಿಂತಳು.

“ನೀನ್ಯಾರಮ್ಮ?” ಎಂದರು ಸೀತಾಪತಿ. ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಅವುನ್ಗೆ ಇಕ್ಕ್‌ದೋಳು ಕನಪ್ಪ.”

“ಇಕ್ಕಿದವಳಂತೆ! ನಮ್ಮದು ಏಳು ತಲೆಮಾರಿನ ಚೊಕ್ಕ ಕರುಳು. ನಮ್ಮಣ್ಣ ನಿಮ್ಮ ಕೇರೀಲಿ ನೀರು ಸಹಾ ಮುಟ್ಟಿದವನಲ್ಲ. ಏನೋ ನಾಲ್ಕು ಅಕ್ಷರ ಹೇಳಿಕೊಡೋಕೆ ಬರ್ತಿದ್ದ.”

“ಮುಟ್ನಿಲ್ಲ, ದಿಟ. ನಾನೇ ಬಾಯ್ಗಿಟ್ಟೆ. ಗಾಜಿಗಾಕ್ಸು, ಅದೇ ಯೋಳ್ಲಿ.”

ಹಕ್ಕು ಕೇಳಿದವರು ತುಂಡನ್ನು ಕೈಯಾರೆ ಗಾಜಿನ ಮನೆಗೆ ಹೊತ್ತು ತರಬೇಕೆಂಬುದು ನಮ್ಮೂರ ಪದ್ಧತಿ. ಮುಟ್ಟಲು ಹೇಸುವವನಿಗೆ ಹಕ್ಕೇಕೆ ಎಂದು ಹಿಂದಿನವರು ಮಾಡಿದ್ದು. ಮುಚ್ಚಳದ ಬೋಗುಣಿಯನ್ನು ಆಸ್ಪತ್ರೆಯವರು ಮೊದಲು ತಮ್ಮನ ಮುಂದೆ ಹಿಡಿದರು. ಸೀತಾಪತಿಯವರು ಪಂಚೆ ಎತ್ತಿ ಎರಡು ಹೆಜ್ಜೆ ಹಿಂದೆ ಸರಿದರು. “ಅವಳೇ ತರಲಿ. ಅವಳ ಕಸುಬೇ ಅದಲ್ಲವೇ,” ಎಂದರು. ದೊಡ್ಡವ್ವ ಬೋಗುಣಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು.

ಆಸ್ಪತ್ರೆಯಿಂದ ಗಾಜಿನ ಮನೆಗೆ ಕಾಲು ಗಂಟೆಯ ದಾರಿ. ಅವಳು ಬಂದದ್ದು ಮೂರು ಗಂಟೆಯ ಮೇಲೆ. ಬೋಗುಣಿಯನ್ನು ನನ್ನ ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದು, ಹಬ್ಬದ ಅಡುಗೆ ತೋರಿಸುವವಳಂತೆ ನನ್ನ ಮುಖ ನೋಡಿದಳು. ಒಳಗಿದ್ದದ್ದು ಬೆಳ್ಳಗೆ, ಮಲ್ಲಿಗೆಯಷ್ಟು ಬೆಳ್ಳಗೆ, ಅಂಚಿನಲ್ಲಿ ಚೂರು ಅರಿಸಿನ.

“ಏನ್ ದೊಡ್ಡವ್ವ ಇದು?”

“ತೊಳ್ದೆ ಕನವ್ವ. ಪಾಪ, ರಕ್ತ ಗಲೀಜು ಎಲ್ಲ ಮೆತ್ಕಂಡಿತ್ತು. ಅಷ್ಟ್ ದೊಡ್ಡೋರ ಮುಂದುಕ್ಕೆ ಹಂಗೇ ಹೆಂಗವ್ವ ತಂದು ಮಡಗದು? ಒಳಗ್ನ ಲೋಳೆ ಕೆರ್ದು, ಸುಣ್ಣ ಸವ್ರಿ, ಬೆಚ್ಚುನ್ನೀರಲ್ಲಿ ಅಲುಬ್ದೆ. ನಮ್ ಮೇಷ್ಟ್ರುನ ನಾಕ್ ಜನ ನೋಡ್ವಾಗ ಅಚ್ಚುಕಟ್ಟಾಗಿರ್ಬೇಕಲ್ವ.”

ಒಳಗಿನ ಲೋಳೆ! ಆ ಲೋಳೆಯೇ ಬೆರಳುಗಳು, ಆ ಲೋಳೆಯೇ ಗುಣಿಗಳು. ತೆಂಗಿನ ಚಿಪ್ಪಿನ ಅಂಚಿನಿಂದ ಕೆರೆದರೆ ಉಳಿಯುವುದು ಹೊರಗಿನ ತೊಗಲು. ಊರಿಗೆಲ್ಲ ಬೋಟಿ ಚೊಕ್ಕ ಮಾಡಿಕೊಡುವುದರಲ್ಲಿ ನಮ್ಮ ದೊಡ್ಡವ್ವನನ್ನು ಮೀರಿಸಿದವರಿಲ್ಲ. ಅವಳು ತೊಳೆದ ಬೋಟಿಯನ್ನು ಹಿಂಡಿದರೆ ಬರಿ ನೀರು ಬರುತ್ತದೆ. ಐವತ್ತನಾಲ್ಕು ವರ್ಷ ತಾನು ಇಕ್ಕಿದ್ದನ್ನೆಲ್ಲ ತನ್ನ ಕೈಯಾರೆ ತೊಟ್ಟಿಯ ನೀರಿಗೆ ಬಿಟ್ಟು ಬಂದಿದ್ದಳು. ಇನ್ನೊಂದು ತುಂಡು ತರಿಸುವ ಹಾಗಿಲ್ಲ. ನಮ್ಮೂರಲ್ಲಿ ಹೆಣಕ್ಕೆ ಕತ್ತಿ ತಾಗುವುದು ಒಂದೇ ಸಲ. ತಪ್ಪು ಅವಳದಲ್ಲ. ಒಂದು ಸಂಜೆ ಒಲೆಯ ಮುಂದೆ ಕೂತು, ದೊಡ್ಡವ್ವ, ನೀನು ಕೆರೆದು ಎಸೆಯುವುದನ್ನೇ ನಾನು ನೋಡುವುದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಸೋಪು ಉಜ್ಜುತ್ತಿದ್ದೆ.

ಈಗ ಹೇಳಿದೆ. ಅವಳು ಬೋಗುಣಿಯನ್ನೇ ನೋಡುತ್ತ ನಿಂತಳು. ಅಳಲಿಲ್ಲ. “ಹಂಗಾರೆ ನಾನೇ ಕಳ್ದ್‌ಬುಟ್ನಾ ಅವುನ್ನ?” ಎಂದು ಮಾತ್ರ ಕೇಳಿದಳು.

ಆ ಹೊತ್ತಿಗೆ ಸೀತಾಪತಿಯವರು ಬಾಗಿಲಿಗೆ ಬಂದಿದ್ದರು. ಬಗ್ಗಿ ನೋಡಿದವರ ಮುಖ ಅರಳಿತು. “ಭೇಷ್! ನಾವು ಹೇಳಿಕೊಳ್ಳೋದನ್ನ ಇವಳು ಮಾಡಿಯೇ ತೋರಿಸಿದಾಳಲ್ಲ. ಇದಕ್ಕಿಂತ ಚೊಕ್ಕ ಕರುಳು ಉಂಟೇ? ಬರೆದುಕೊಡಿ ಡಾಕ್ಟರೇ, ಖಾಲಿ ಅಂತ.”

“ನೋಡದೆ ನಾನು ಏನೂ ಬರೆಯೋದಿಲ್ಲ,” ಎಂದರು ಫಿಲೋಮಿನಾ ಡಾಕ್ಟರಮ್ಮ. ಮೂವತ್ತು ವರ್ಷ ಮಸೂರಕ್ಕೆ ಕಣ್ಣು ಕೊಟ್ಟು ಅವರ ಒಂದು ಹುಬ್ಬು ಮೇಲಕ್ಕೇ ನಿಂತುಬಿಟ್ಟಿತ್ತು. ಎದುರಿಗಿದ್ದವರಿಗೆ ಸದಾ ತಾವು ಸುಳ್ಳು ಹೇಳಿದ ಹಾಗೆ ಅನ್ನಿಸುತ್ತಿತ್ತು. “ಎರಡು ದಿನ ಬಿಟ್ಟು ಬನ್ನಿ. ದೇವೀರಿ, ತುಂಡನ್ನ ಮದ್ದಿಗೆ ಹಾಕು.”

ಆ ಎರಡು ದಿನ ಮೇಷ್ಟ್ರು ಮಂಜುಗಡ್ಡೆಯ ಕೋಣೆಯಲ್ಲಿ ಮಲಗಿದ್ದರು, ದೊಡ್ಡವ್ವ ಗಾಜಿನ ಮನೆಯ ಮೆಟ್ಟಿಲ ಮೇಲೆ. ನಾನು ತುಂಡನ್ನು ಫಾರ್ಮಲಿನ್‌ಗೆ ಹಾಕಿದೆ, ಸ್ಪಿರಿಟ್‌ಗೆ ಹಾಕಿದೆ, ಕರಗಿದ ಮೇಣಕ್ಕೆ ಹಾಕಿದೆ. ಕೈ ಕೆಲಸ ಮಾಡುತ್ತಿತ್ತು, ಕಣ್ಣು ಕಪಾಟಿನ ಮೇಲಿತ್ತು. ಅಲ್ಲಿ, ಸತ್ತವರ ಸಾಲಿನಲ್ಲಿ, ನಮ್ಮವ್ವನ ಪಟ್ಟಿ ಇತ್ತು. ನಮ್ಮವ್ವ ಬಾಣಂತನದಲ್ಲಿ ಸತ್ತವಳು. ಅವಳ ಗುಣಿಗುಣಿಯಲ್ಲೂ ಅಕ್ಕ ನಿಂಗಾಜಿಯ ಕೆಂಪು ತುಂಬಿ ತುಳುಕುತ್ತಿತ್ತು. ಹೆಸರಿನ ಚೀಟಿ ಬದಲಿಸಲು ಎಷ್ಟು ಹೊತ್ತು? ಎಂಜಲು ಹಚ್ಚಿದರೆ ಬಿಟ್ಟುಕೊಳ್ಳುತ್ತದೆ, ಗೋಂದು ಹಚ್ಚಿದರೆ ಅಂಟುತ್ತದೆ. ಏಳು ತಲೆಮಾರು ಖಾಲಿಯನ್ನು ಬಂಗಾರ ಎಂದು ಮಾರಿದವರಿಗೆ ನಾನೊಂದು ಸುಳ್ಳು ಹೇಳಿದರೆ ಯಾವ ಧರ್ಮ ಮುಳುಗುತ್ತದೆ? ಪಟ್ಟಿಯನ್ನು ತೆಗೆದು ಚೀಟಿಗೆ ಉಗುರು ಹಾಕಿದ್ದೆ.

“ಯಾರ್ದವ್ವ ಅದು?” ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು.

“ಅವ್ವಂದು.”

ಅವಳಿಗೆ ಎಲ್ಲ ಅರ್ಥವಾಯಿತು. ಒಳಗೆ ಬಂದು ನನ್ನ ಕೈ ಹಿಡಿದಳು. “ಅವುಳ್ನ ಅವಳ ಜಾಗದಲ್ಲಿ ಮಡಗು. ನಮ್ ಮೇಷ್ಟ್ರು ಏನ್ ಗತಿ ಇಲ್ದೋನಾ, ಇನ್ನೊಬ್ರ ಹೊಟ್ಟೆ ಎರವಲು ತರಕೆ? ಖಾಲಿ ಅಂತ ಬಂದ್ರೆ ಖಾಲಿ ಅಂತ್ಲೇ ಯೋಳು. ಉಂಡದ್ದು ಅವುನ್ಗೊತ್ತು, ಇಕ್ಕಿದ್ದು ನಂಗೊತ್ತು.” ದನಿ ಇಳಿಸಿ, “ಆದ್ರೆ ಒಬ್ನೇ ಹೋಯ್ತನಲ್ಲವ್ವ ಆ ಮನೆಗೆ. ಸುಡ ಮೊದ್ಲು ಅಕ್ಕಿಕಾಳು ಬಾಯ್ಗಾಕ್ತರಂತೆ, ಬೇಯಿಸ್ದೇ. ಹಸಿ ಅಕ್ಕಿ,” ಎಂದಳು.

ಮೂರನೆಯ ದಿನ ಬೆಳಗ್ಗೆ ಮೇಣದ ಬಿಲ್ಲೆಯನ್ನು ಕುಯ್ಯುವ ಯಂತ್ರಕ್ಕೆ ಕಟ್ಟಿದೆ. ಅಂಗಳದಲ್ಲಿ ಮೇಲ್ಬೀದಿಯ ಹತ್ತು ಜನ ಒಂದು ಕಡೆ, ನಮ್ಮ ಕೇರಿಯ ಹೆಂಗಸರು ಇನ್ನೊಂದು ಕಡೆ. ಮೇಣದ ಎಳೆ ನೀರಿನ ಮೇಲೆ ಬಿಚ್ಚಿಕೊಂಡಿತು. ನೀರಿನ ಬಿಸಿಯನ್ನು ನಾನು ಮಾಪಕದಿಂದ ನೋಡುವುದಿಲ್ಲ, ಮುಂಗೈಯ ಹಿಂಬದಿ ತಾಗಿಸಿ ನೋಡುತ್ತೇನೆ. ತೊಟ್ಟಿಯಲ್ಲಿ ದೊಡ್ಡವ್ವ ಕಲಿಸಿದ್ದು. ಬಣ್ಣ ಹಾಕಿ, ಡಾಕ್ಟರಮ್ಮನ ಮುಂದಿಟ್ಟೆ. ಅವರು ಮೊದಲು ಕಿರಿಯ ಮಸೂರದಲ್ಲಿ ನೋಡಿದರು. “ಬೆರಳು ಒಂದೂ ಇಲ್ಲ. ಕುಯಿಲು ಮುಗಿದ ಗದ್ದೆ,” ಎಂದರು. ಸೀತಾಪತಿಯವರು ಹೊರಗೆ ತಿರುಗಿ ತಮ್ಮವರಿಗೆ ತಲೆಯಾಡಿಸಿದರು.

ಡಾಕ್ಟರಮ್ಮ ಕಣ್ಣು ತೆಗೆಯಲಿಲ್ಲ. ಮಸೂರ ತಿರುಗಿಸಿ ಹಿರಿದು ಮಾಡಿದರು. ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿದರು. ಆ ನಿಂತೇ ಇರುವ ಹುಬ್ಬು ಇನ್ನೂ ಮೇಲಕ್ಕೆ ಹೋದದ್ದನ್ನು ನಾನು ಮೊದಲ ಸಲ ನೋಡಿದೆ. “ದೇವೀರಿ, ಬಾ ಇಲ್ಲಿ.”

ಬಗ್ಗಿದೆ. ಬೆರಳುಗಳು ಹೋಗಿದ್ದವು. ಗುಣಿಗಳ ಬಾಯಿಯೂ ಅರ್ಧಕ್ಕೆ ಮುರಿದ ಮಡಕೆಗಳಂತಿದ್ದವು. ಆದರೆ ತಳ! ತಳ ಒಂದೂ ಅಲುಗಿರಲಿಲ್ಲ. ಸಾಲು ಸಾಲು ಗುಣಿಗಳ ತಳದಲ್ಲಿ ತೆಳ್ಳನೆಯ ತಾಯಿಗಳು, ಮಗ್ಗುಲಲ್ಲಿ ಕಾವಲಿನವರು, ಅವರ ಮಡಿಲ ತುಂಬ ಕೆಂಪು. ದಪ್ಪ ಕಾಳು, ಒಂದು ಮಗ್ಗುಲು ಚಪ್ಪಟೆ. ಕಪಾಟಿನಿಂದ ದೊಡ್ಡವ್ವನ ಐವತ್ತೈದು ವರ್ಷದ ಹಿಂದಿನ ಕೋಳಿಯ ಪಟ್ಟಿ ತಂದು ಜೋಡಿ ಮಸೂರದಲ್ಲಿ ಪಕ್ಕಕ್ಕಿಟ್ಟೆವು. ಅದೇ ದಪ್ಪ, ಅದೇ ಚಪ್ಪಟೆ. ನನ್ನ ಕಣ್ಣು ಮಂಜಾಗಿ ಮಸೂರ ಒದ್ದೆಯಾಯಿತು. ಡಾಕ್ಟರಮ್ಮ ಬೈದು ಒರೆಸಿದರು.

“ನಿಮ್ಮಣ್ಣ ನಿಂಗಾಜಮ್ಮನವರಿಗೆ ಸೇರಿದವರು. ಬೇಕಾದರೆ ನೋಡಿ,” ಎಂದರು.

“ಅದು ಬಣ್ಣದ ಕಲೆ ಇರಬೇಕು,” ಎನ್ನುತ್ತಲೇ ಸೀತಾಪತಿಯವರು ಬಗ್ಗಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು. ಅರವತ್ತು ವರ್ಷದ ಆ ಮನುಷ್ಯನ ಕತ್ತಿನ ಹಿಂಬದಿ ಕೆಂಪಾಗುತ್ತ ಹೋಯಿತು.

“ಎಡಗಡೆ ಸರಿಸಿ ನೋಡಿ,” ಎಂದರು ಡಾಕ್ಟರಮ್ಮ. “ಮೂರು ಗುಣಿಗಳಲ್ಲಿ ಬೇರೆ ಕಾಳಿದೆ. ಸಣ್ಣವು, ಮಗುವಿನ ಕೈಯವು. ನಮ್ಮ ಕಪಾಟಿನಲ್ಲಿ ಅದಕ್ಕೆ ಜೋಡಿ ಇಲ್ಲ. ಕಪಾಟಿನಲ್ಲಿ ಇಲ್ಲದವರು ಅಂದರೆ ನಿಮ್ಮ ಬೀದಿಯವರೇ.”

ಸೀತಾಪತಿಯವರು ತಲೆಯೆತ್ತಲಿಲ್ಲ. “ಅವಲಕ್ಕಿ,” ಎಂದರು. ಯಾರಿಗೂ ಕೇಳಿಸಲಿಲ್ಲವೆಂದು ಕಾಣುತ್ತದೆ, ಮತ್ತೆ ಹೇಳಿದರು. “ಮೊದಮೊದಲು ಅಣ್ಣನ್ನ ಕೋಣೆಗೆ ಹಾಕಿ ಚಿಲಕ ಹಾಕ್ತಿದ್ದರು. ನಾನು ಆರು ವರ್ಷದವನು. ಬಾಗಿಲ ಸಂದಿನಿಂದ ಅವಲಕ್ಕಿ ತಳ್ಳಿದೆ. ಅಪ್ಪ ನೋಡಿ, ಸೌಟು ಕಾಯಿಸಿ...” ಬಲಗೈಯನ್ನು ಶಲ್ಯದೊಳಕ್ಕೆ ಎಳೆದುಕೊಂಡರು. “ಮೂರೇ ಸಲ. ಆಮೇಲೆ ಕೊಡಲಿಲ್ಲ. ಆಮೇಲೆ ಕೊಟ್ಟದ್ದೇ ನೆನಪಿಲ್ಲದ ಹಾಗೆ ಇದ್ದುಬಿಟ್ಟೆ.”

ಹೊರಗೆ ಮೇಲ್ಬೀದಿಯವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಸದ್ದು ಕೇಳಿತು. ಕಾಯಿಸಿದ ಸೌಟು ಏಳು ತಲೆಮಾರಿನಿಂದ ಚೊಕ್ಕ ಎಂದು ಕಾಪಾಡಿಟ್ಟಿದ್ದು ಒಂದು ಬೆಳಗಿಗೆ ಕೆಟ್ಟಿತು. ಕೆಡಲಿ ಎಂದು ನಾನು ಮನಸಾರೆ ಅಂದುಕೊಂಡೆ, ಈಗಲೂ ಅನ್ನುತ್ತೇನೆ.

ಹೆಣ ಇಳಿಸಿಕೊಳ್ಳಲು ಹೋದಾಗ ಸೀತಾಪತಿಯವರು ಹಿಂದೆಯೇ ಬಂದರು. ದೂರ ನಿಂತರು. ದೊಡ್ಡವ್ವನನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಗಂಟಲು ಸರಿಮಾಡಿಕೊಂಡರು. “ಹೆಗಲು ಕೊಡಬಹುದೋ?”

ದೊಡ್ಡವ್ವ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ಮೂರು ಗುಣೀಲಿ ಇದ್ದೀಯಲ್ಲಪ್ಪ, ಬಾ. ತಲೆ ಕಡೆಗೆ ಬರ್ಬ್ಯಾಡ, ಅದು ನಮ್ದು. ಕಾಲ್ತವ ಹಿಡ್ಕೊ.” ಅವರು ಬಂದು ಕಾಲಿನ ಕಡೆ ಹಿಡಿದರು.

ಎತ್ತುವ ಮೊದಲು ನಾನು ತಡೆಯಲಾರದೆ ಕೇಳಿದೆ. “ದೊಡ್ಡವ್ವ, ನೀನು ಕೆರೆದ ಬೋಟೀಲಿ ಒಂದು ಎಳೆ ಉಳ್ದಿದ್ನ ನಾನ್ ಕಂಡಿಲ್ಲ. ಇದ್ರಲ್ಲಿ ಮಾತ್ರ ಬುಡ ಎಲ್ಲ ಹಂಗಂಗೇ ಇತ್ತಲ್ಲ. ಚಿಪ್ಪು ಮೊಂಡಾಗಿತ್ತಾ?”

ಅವಳು ಮೇಷ್ಟ್ರ ಎದೆಯ ಮೇಲಿನ ಬಟ್ಟೆಯ ಸುಕ್ಕು ಬಿಡಿಸುತ್ತಿದ್ದಳು.

“ಚಿಪ್ಪು ಸರಿಯಾಗೇ ಇತ್ತು,” ಎಂದಳು. “ಒತ್ತಕೆ ಕೈ ಬರ್ನಿಲ್ಲ ಕನವ್ವ. ನೊಂದ್ಕತನೆ ಅನ್ನುಸ್ತು.”